ವೈರಿಂಗ್ ಶಾಂತಣ್ಣ

ಯಾವ ಕಾರು ಬಂದು ಅಂಗಡಿಯ ಮುಂದೆ ನಿಂತರೂ ಶಾಂತಣ್ಣ ತಕ್ಷಣ ಸ್ಕ್ರೂಡ್ರೈವರ್ ಹಿಡಿಯುತ್ತಿರಲಿಲ್ಲ. ಚಪ್ಪಲಿ ಹೊರಗೆ ಬಿಟ್ಟು, ಡ್ರೈವರ್ ಸೀಟಿನಲ್ಲಿ ಕೂತು, ಬಾಗಿಲು ಹಾಕಿಕೊಂಡು, ಗಾಜು ಏರಿಸಿ ಕಣ್ಣು ಮುಚ್ಚಿಬಿಡುತ್ತಿದ್ದರು. ಹತ್ತು ನಿಮಿಷವೋ ಕಾಲು ಗಂಟೆಯೋ. ಬಿ.ಎಚ್. ರೋಡಿನಲ್ಲಿ ಲಾರಿಗಳು ಹಾರ್ನ್ ಹೊಡೆದುಕೊಂಡು ಹೋಗುತ್ತಿದ್ದವು. ಕಾರಿನ ಯಜಮಾನ ಕೈಗಡಿಯಾರ ನೋಡಿಕೊಳ್ಳುತ್ತಾ ನಿಂತಿರುತ್ತಿದ್ದ. ಮೊದಲ ಸಲ ನಾನು ನಿದ್ದೆ ಹೋದರೇನೋ ಅಂದುಕೊಂಡು ಗಾಜು ತಟ್ಟಿದ್ದೆ. ಅವರು ಕಣ್ಣು ತೆರೆಯದೆ ಒಂದು ಬೆರಳು ಎತ್ತಿ ತೋರಿಸಿದರು, ಸ್ವಲ್ಪ ತಾಳಿ ಅಂತ. ಇಳಿದು ಬಂದ ಮೇಲೆ, "ಸಾರ್, ನೀವು ಕ್ಲಚ್ ಮೇಲೆ ಕಾಲು ಇಟ್ಕೊಂಡೇ ಓಡಿಸ್ತೀರ. ಹ್ಯಾಂಡ್ ಬ್ರೇಕು ಮಾತ್ರ ಎಳೆಯೋದೇ ಇಲ್ಲ" ಅಂದರು.

ನಿಜವೇ. ಹೇಗೆ ಗೊತ್ತಾಯಿತು ಎಂದು ಕೇಳಿದೆ.

"ಪೆಡಲ್ಲು ಹೇಳ್ತೈತೆ. ಆ ಬ್ರೇಕಿನ ಹಿಡಿ ನೋಡಿ, ಶೋರೂಮಿಂದ ಬಂದಂಗೇ ಐತೆ. ಗಾಡಿಗಿಂತ ಮುಂಚೆ ನಂಗೆ ಗಾಡಿ ಓಡ್ಸೋರು ಗೊತ್ತಾಗ್ಬೇಕು ಸಾರ್."

ನನ್ನನ್ನು ಅವರು ಅಷ್ಟು ಬೇಗ ತಿಳಿದುಕೊಂಡರು. ಪೂರ್ತಿ ತಿಳಿದುಕೊಂಡಿರಲಿಲ್ಲ ಅನ್ನುವುದೇ ಅವರ ಪಾಲಿಗೆ ಕೆಟ್ಟದ್ದಾಯಿತು.

ನಾನು ಆಗ ಅರಸೀಕೆರೆಯ ಕಾಲೇಜೊಂದರಲ್ಲಿ ಪಿಯುಸಿ ಮಕ್ಕಳಿಗೆ ಭೌತಶಾಸ್ತ್ರ ಪಾಠ ಮಾಡುತ್ತಿದ್ದೆ. ಎರಡು ಸಾವಿರ ಇಸವಿ ದಾಟಿ ಎರಡು ಮೂರು ವರ್ಷವಾಗಿತ್ತು. ಶಾಂತರಾಜು ಅನ್ನುವುದು ಅವರ ಹೆಸರು. ಊರಿನವರು ವೈರಿಂಗ್ ಶಾಂತಣ್ಣ ಅನ್ನುತ್ತಿದ್ದರು. ನನಗಿಂತ ಎಂಟು ವರ್ಷಕ್ಕೆ ದೊಡ್ಡವರು. ಆದರೂ ನಾನು ಅವರನ್ನು 'ಏನಪ್ಪಾ ಶಾಂತಣ್ಣ, ಬಾ, ಹೋಗು' ಅಂತಲೇ ಮಾತಾಡಿಸುತ್ತಿದ್ದೆ. ಊರಿನಲ್ಲಿ ನಮ್ಮಂಥ ಮನೆಯವರೆಲ್ಲ ಹಾಗೇ ಮಾತಾಡಿಸುತ್ತಿದ್ದರು. ಬರೆಯುವಾಗಲಾದರೂ ಬಹುವಚನ ಇರಲಿ.

ಅವರ ತಂದೆಯ ಕಾಲದಲ್ಲೇ ಮನೆಯವರು ಬೌದ್ಧರಾಗಿದ್ದರಂತೆ. ತಗಡಿನ ಅಂಗಡಿಯ ಗೋಡೆಯಲ್ಲಿ ಒಂದು ಬುದ್ಧನ ಕ್ಯಾಲೆಂಡರ್ ಇತ್ತು, ಬೇರೆ ಪಟ ಇರಲಿಲ್ಲ. ಆಯುಧಪೂಜೆಯ ದಿನ ಸಾಲಿನ ಗ್ಯಾರೇಜುಗಳವರೆಲ್ಲ ಕುಂಬಳಕಾಯಿ ಒಡೆದು ರಸ್ತೆ ತುಂಬಾ ಕುಂಕುಮದ ನೀರು ಹರಿಸುತ್ತಿದ್ದರೆ, ಶಾಂತಣ್ಣ ಮಾತ್ರ ಕಟಿಂಗ್ ಪ್ಲೇಯರು, ಸ್ಪ್ಯಾನರುಗಳನ್ನೆಲ್ಲ ಸೀಮೆಎಣ್ಣೆಯಲ್ಲಿ ಅದ್ದಿ ಒರೆಸುತ್ತಾ ಕೂತಿರುತ್ತಿದ್ದರು. ಪೂಜೆ ಇಲ್ಲವೇನಯ್ಯ ಎಂದು ಯಾರಾದರೂ ಕೆಣಕಿದರೆ, "ಅದೇ ಮಾಡ್ತಾ ಇವ್ನಿ ಅಲ್ವಾ" ಅನ್ನುತ್ತಿದ್ದರು. ಬಂದವರಿಗೆಲ್ಲ ಸಿಹಿಬೂಂದಿ ಕೊಡುತ್ತಿದ್ದರು. ಕೆಲವರು ತೆಗೆದುಕೊಳ್ಳುತ್ತಿದ್ದರು. ಕೆಲವರು, ಈಗ ತಾನೇ ತಿಂಡಿಯಾಯಿತು ಅನ್ನುತ್ತಿದ್ದರು.

ಹೆಂಡತಿ ತೀರಿಕೊಂಡಿದ್ದರು. ಒಬ್ಬಳೇ ಮಗಳು, ಸುಜಾತ. ಎರಡನೇ ಪಿಯುಸಿಯಲ್ಲಿ ನನ್ನ ತರಗತಿಯಲ್ಲೇ ಇದ್ದಳು. ಲ್ಯಾಬಿನಲ್ಲಿ ಉಳಿದ ಮಕ್ಕಳು ಸರ್ಕಿಟ್ ಜೋಡಿಸಿದರೆ ಮೇಜಿನ ಮೇಲೆ ಶಾವಿಗೆ ಚೆಲ್ಲಿದ ಹಾಗಿರುತ್ತಿತ್ತು. ಇವಳು ಜೋಡಿಸಿದರೆ ಪ್ರತಿ ವೈರೂ ಎಲ್ಲಿಂದ ಹೊರಟು ಎಲ್ಲಿ ಸೇರುತ್ತದೆ ಅಂತ ದೂರದಿಂದಲೇ ಕಾಣುತ್ತಿತ್ತು. ಅಪ್ಪನ ಕೈ.

ಶಾಂತಣ್ಣನ ಹತ್ತಿರ ಸ್ಕೂಲು ಮಕ್ಕಳ ಹಳೆಯ ನೋಟ್‌ಬುಕ್ಕುಗಳ ಒಂದು ಕಟ್ಟು ಇತ್ತು. ಉಳಿದ ಖಾಲಿ ಹಾಳೆಗಳಲ್ಲಿ ತಾವು ಕೆಲಸ ಮಾಡಿದ ಪ್ರತಿ ಗಾಡಿಯ ವೈರಿಂಗನ್ನೂ ಬಣ್ಣದ ಪೆನ್ನುಗಳಲ್ಲಿ ಬರೆದಿಡುತ್ತಿದ್ದರು. ಎರಡು ಪ್ರತಿ ಬರೆದು, ಒಂದು ತಾವಿಟ್ಟುಕೊಂಡು ಇನ್ನೊಂದನ್ನು ಗಾಡಿಯವರಿಗೆ ಕೊಡುತ್ತಿದ್ದರು. ಬೇರೆ ಯಾವ ಎಲೆಕ್ಟ್ರಿಷಿಯನ್ನೂ ಹೀಗೆ ಮಾಡಿದ್ದನ್ನು ನಾನು ಕಂಡಿಲ್ಲ. ಗುಟ್ಟು ಬಿಟ್ಟುಕೊಟ್ಟರೆ ಗಿರಾಕಿ ಮತ್ತೆ ಬರುವುದಿಲ್ಲ ಅನ್ನುವುದು ಉಳಿದವರ ಲೆಕ್ಕ. ಶಾಂತಣ್ಣ ಹೇಳುತ್ತಿದ್ದುದು ಬೇರೆ: "ನಾಳೆ ನಾನಿಲ್ದಿದ್ರೆ ಇನ್ನೊಬ್ಬ ಕತ್ತಲಲ್ಲಿ ತಡಕಾಡ್ಬಾರ್ದು ಸಾರ್."

ಅವರ ಜೋಪಾನದ ಬಗ್ಗೆ ಒಂದು ಸಂಗತಿ ಹೇಳಬೇಕು. ಹಳೇಬೀಡಿನ ಟೂರಿಸ್ಟ್ ಕಾರಿನವನೊಬ್ಬ ಇವರ ಹತ್ತಿರ ಅಲಾರಂ ಹಾಕಿಸಿಕೊಂಡು ಹೋಗಿದ್ದ. ವಾರ ಕಳೆಯುವಷ್ಟರಲ್ಲಿ ಜಗಳಕ್ಕೆ ಬಂದ. ದೇವಸ್ಥಾನದ ಮುಂದೆ ನಿಲ್ಲಿಸಿದರೆ ಸಾಕು, ಯಾರೂ ಮುಟ್ಟದೆ ಕಾರು ಬಡಕೊಳ್ಳುತ್ತದಂತೆ. ನೋಡಲು ಬಂದ ವಿದೇಶದವರು ಬೆಚ್ಚಿಬೀಳುತ್ತಾರಂತೆ. ಅಂಗಡಿಯ ಮುಂದೆ ನಿಲ್ಲಿಸಿ ಎಷ್ಟು ಹೊತ್ತು ಕಾದರೂ ಅದು ಸೊಲ್ಲೆತ್ತಲಿಲ್ಲ. ಮರುದಿನ ಶಾಂತಣ್ಣ ಬುತ್ತಿ ಕಟ್ಟಿಕೊಂಡು ಬಸ್ಸು ಹತ್ತಿ ಹಳೇಬೀಡಿಗೇ ಹೋದರು. ಬೆಳಗಿನಿಂದ ಸಂಜೆಯವರೆಗೆ ಕಾರಿನ ಪಕ್ಕ ಕೂತು, ಯಾವ ಹೊತ್ತಿನಲ್ಲಿ ಕೂಗಿತು, ಆಗ ಪಕ್ಕದಲ್ಲಿ ಏನಿತ್ತು ಅಂತ ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. ಟೂರಿಸ್ಟ್ ಬಸ್ಸುಗಳು ಇಂಜಿನ್ ಆರಿಸದೆ ನಿಂತಾಗ ನೆಲ ಅದುರುತ್ತದೆ, ಆ ಅದುರಿಗೆ ಅಲಾರಂ ಬೆದರುತ್ತದೆ ಅಂತ ಕಂಡುಹಿಡಿದು, ಒಂದು ಪುಟ್ಟ ಸ್ಕ್ರೂವನ್ನು ಕಾಲು ಸುತ್ತು ತಿರುಗಿಸಿ ಬಂದರು.

ದೇವಸ್ಥಾನ ನೋಡಿದೆಯಾ ಎಂದು ಕೇಳಿದ್ದೆ. ಕಾರು ಬಿಟ್ಟು ಹೋಗೋಕಾಗದೆ ಹೊರಗಿಂದಲೇ ನೋಡಿದೆ ಅಂದರು. ಆಮೇಲೆ ಯೋಚನೆ ಮಾಡಿ, "ಆ ಕೆತ್ತೋರಿಗೆ ಎಷ್ಟು ಭಯ ಇದ್ದಿರಬೇಕು ಸಾರ್. ಒಂದು ಏಟು ತಪ್ಪಿದ್ರೆ ಕಲ್ಲೇ ಹೋಯ್ತು. ನಮ್ದು ವಾಸಿ, ಬಿಚ್ಚಿ ಮತ್ತೆ ಕಟ್ಬೋದು" ಅಂದು ನಕ್ಕರು.

ಇಂಥವರ ಹತ್ತಿರ ನಾನು ರಿಮೋಟ್ ಸ್ಟಾರ್ಟರಿನ ಪೆಟ್ಟಿಗೆ ತೆಗೆದುಕೊಂಡು ಹೋದೆ. ಬೆಂಗಳೂರಿನಲ್ಲಿ ನನ್ನ ಹಳೆಯ ಸಹಪಾಠಿಯೊಬ್ಬ ಹೋಟೆಲಿನ ಮೇಜಿನ ಮುಂದೆ ಕೂತೇ ಬಟನ್ ಒತ್ತಿ, ಹೊರಗೆ ನಿಂತಿದ್ದ ತನ್ನ ಕಾರನ್ನು ಸ್ಟಾರ್ಟ್ ಮಾಡಿ ತೋರಿಸಿದ್ದ. ಅಲ್ಲಿದ್ದವರೆಲ್ಲ ತಿರುಗಿ ನೋಡಿದ್ದರು. ಆ ನೋಟ ನನಗೂ ಬೇಕು ಅನ್ನಿಸಿತು. ಮರುದಿನವೇ ಅಂಥದೇ ಪೆಟ್ಟಿಗೆ ಕೊಂಡು ತಂದೆ. ಅದರಲ್ಲಿ ಅಲಾರಂ ಇತ್ತು, ಸೈರನ್ ಇತ್ತು, ಎರಡು ರಿಮೋಟ್ ಇದ್ದವು. ನನ್ನದು ಸೆಕೆಂಡ್ ಹ್ಯಾಂಡ್ ಬಿಳಿ ಕಾರು. ಅದಕ್ಕೆ ಅಷ್ಟೊಂದು ಸಿಂಗಾರದ ಅಗತ್ಯವಿರಲಿಲ್ಲ.

ಶಾಂತಣ್ಣ ಪೆಟ್ಟಿಗೆಯೊಳಗಿನ ಕಾಗದವನ್ನು ಮಗಳಿಂದ ಓದಿಸಿ ಕೇಳಿ, "ಅಲಾರಂ ಹಾಕ್ಕೊಡ್ತೀನಿ. ಸ್ಟಾರ್ಟರ್ ಬ್ಯಾಡ ಸಾರ್" ಅಂದರು.

ಯಾಕೆ ಅಂದೆ.

"ಇದು ಗೇರ್ ಹಾಕೋ ಕೆಲ್ಸಾನೇ ಇಲ್ದಿರೋ ಗಾಡಿಗಳಿಗೆ ಮಾಡಿರೋದು. ನಮ್ ಗಾಡಿ ಗೇರಲ್ಲಿ ನಿಂತಿರ್ತೈತೆ ಅನ್ಕೊಳ್ಳಿ. ನೀವು ಮನೆ ಒಳಗಿಂದ ಬಟನ್ ಒತ್ತುತೀರಿ. ಗಾಡಿ ಮುಂದಕ್ಕೆ ನೆಗೀತೈತೆ. ಮುಂದೆ ಯಾರವ್ರೆ ಅಂತ ಆ ಪೆಟ್ಟಿಗೆಗೇನು ಗೊತ್ತು?"

ನಾನು ಬಿಡಲಿಲ್ಲ. ಮೂರು ಸಲ ಹೋದೆ. ಮೂರನೇ ಸಲ, ನಿನಗೆ ಬಾರದಿದ್ದರೆ ಹಾಸನದಲ್ಲಿ ಹಾಕಿಸುತ್ತೇನೆ ಅಂದೆ. ಅವರಿಗೆ ಮಾತು ತಾಗಿತು. ಹಾಸನದಲ್ಲಿ ಹಾಗೇ ಹಾಕಿ ಕಳಿಸುತ್ತಾರೆ, ಅದಕ್ಕಿಂತ ನಾನೇ ನೋಡಿ ಹಾಕುವುದು ಮೇಲು ಅಂತ ಒಪ್ಪಿಕೊಂಡರು.

ನಾಲ್ಕು ದಿನ ಹಿಡಿಯಿತು. ಪೆಟ್ಟಿಗೆಯಲ್ಲಿ ಇಲ್ಲದ ಎರಡು ಸ್ವಿಚ್ಚುಗಳನ್ನು ಅವರೇ ಹುಡುಕಿ ತಂದು ಕೂರಿಸಿದರು. ಒಂದು ಗೇರ್ ಲಿವರಿನ ಬುಡದಲ್ಲಿ, ಇನ್ನೊಂದು ಹ್ಯಾಂಡ್ ಬ್ರೇಕಿನ ಕೆಳಗೆ. ಗೇರು ನ್ಯೂಟ್ರಲ್ಲಿನಲ್ಲಿ ಇರಬೇಕು, ಹ್ಯಾಂಡ್ ಬ್ರೇಕ್ ಪೂರ್ತಿ ಎಳೆದಿರಬೇಕು. ಎರಡರಲ್ಲಿ ಒಂದು ತಪ್ಪಿದರೂ ರಿಮೋಟಿಗೆ ಕಾರು ಸ್ಟಾರ್ಟ್ ಆಗದು, ಸೈರನ್ ಮೂರು ಸಲ ಚಿಂವ್‌ಗುಟ್ಟಿ ಸುಮ್ಮನಾಗುತ್ತದೆ. ಕಾರು ನಿಲ್ಲುವ ಜಾಗ ನೋಡಬೇಕು ಅಂತ ನಮ್ಮ ಮನೆಗೂ ಬಂದರು. ನಮ್ಮ ಅಂಗಳ ಬೀದಿಯ ಕಡೆಗೆ ಸ್ವಲ್ಪ ಇಳಿಜಾರು. ಹ್ಯಾಂಡ್ ಬ್ರೇಕ್ ಸಡಿಲವಾಗಿದೆ, ಮೆಕ್ಯಾನಿಕ್ ಹತ್ತಿರ ಬಿಗಿ ಮಾಡಿಸಿ, ಗೇರಿನಲ್ಲಿ ನಿಲ್ಲಿಸುವ ಅಭ್ಯಾಸ ಬಿಡಿ ಅಂತ ಎರಡೆರಡು ಸಲ ಹೇಳಿದರು. ನಮ್ಮಮ್ಮ ಅವರಿಗೆ ಕಾಫಿ ಕೊಟ್ಟಳು, ಹಿತ್ತಲ ಗೂಡಿನಲ್ಲಿ ಬೇರೆ ಇಟ್ಟಿದ್ದ ಲೋಟದಲ್ಲಿ. ಅವರು ಕುಡಿದು, ನಲ್ಲಿಯಲ್ಲಿ ತಾವೇ ತೊಳೆದು, ಕಾಂಪೌಂಡಿನ ಮೇಲೆ ಬೋರಲು ಹಾಕಿದರು. ನಾನು ಅಲ್ಲೇ ನಿಂತಿದ್ದೆ.

ಕಾರು ಕೊಡುವ ದಿನ ನಕ್ಷೆಯ ಹಾಳೆಯನ್ನು ನನ್ನ ಕೈಗಿಟ್ಟು, ಕೆಂಪು ಪೆನ್ನಿನಲ್ಲಿ ಬರೆದಿದ್ದ ಸಾಲನ್ನು ಗಟ್ಟಿಯಾಗಿ ಓದಿ ಅಂದರು. 'ಈ ಎರಡು ವೈರು ಯಾವ ಕಾರಣಕ್ಕೂ ನೇರ ಸೇರಿಸಬಾರದು. ಜೀವಕ್ಕೆ ಅಪಾಯ.' ಭೌತಶಾಸ್ತ್ರದ ಮೇಷ್ಟ್ರಿಗೆ ಈತ ಪಾಠ ಓದಿಸುತ್ತಾನಲ್ಲ ಅಂತ ನನಗೆ ನಗು ಬಂತು. ಓದಿದೆ.

ಎರಡು ತಿಂಗಳು ಚೆನ್ನಾಗಿಯೇ ನಡೆಯಿತು. ಡಿಸೆಂಬರಿನಲ್ಲಿ ಕಾಲೇಜಿನ ಸಹೋದ್ಯೋಗಿಗಳ ಜೊತೆ ಬೇಲೂರಿಗೆ ಹೋಗಿದ್ದೆವು. ದೇವಸ್ಥಾನ ನೋಡಿ ಹೊರಗೆ ಬಂದಾಗ, ಕಾರುಗಳು ನಿಲ್ಲುವ ಜಾಗದಲ್ಲಿ ಟೂರಿಸ್ಟ್ ಡ್ರೈವರುಗಳು ಗುಂಪಾಗಿ ಕೂತಿದ್ದರು. ನಾನು ದೂರದಿಂದಲೇ, ಈಗ ನೋಡಿ ಅಂತ ರಿಮೋಟ್ ಎತ್ತಿ ಒತ್ತಿದೆ. ಚಿಂವ್ ಚಿಂವ್ ಚಿಂವ್ ಅಂತು. ಮತ್ತೆ ಒತ್ತಿದೆ. ಮತ್ತೆ ಅದೇ. ಹ್ಯಾಂಡ್ ಬ್ರೇಕ್ ಪೂರ್ತಿ ಎಳೆದಿರಲಿಲ್ಲ. ಡ್ರೈವರೊಬ್ಬ, "ಸಾರ್, ಗಾಡಿಗೆ ಕೋಳಿಮರಿ ಹಾಕಿಸಿದೀರಾ?" ಅಂದ. ಎಲ್ಲರೂ ನಕ್ಕರು. ನನ್ನ ಸಹೋದ್ಯೋಗಿಗಳೂ ನಕ್ಕರು. ದಾರಿಯುದ್ದಕ್ಕೂ ಅದೇ ತಮಾಷೆ.

ಆ ಭಾನುವಾರ ಅಮ್ಮ, ನನ್ನ ಹೆಂಡತಿ ಇಬ್ಬರೂ ಮಾಲೇಕಲ್ಲು ತಿರುಪತಿಯ ದೇವಸ್ಥಾನಕ್ಕೆ ಹೋಗಿದ್ದರು. ನಾನು ಶಾಂತಣ್ಣ ಕೊಟ್ಟ ನಕ್ಷೆಯನ್ನು ಹರಡಿಕೊಂಡು, ಡ್ಯಾಶ್‌ಬೋರ್ಡಿನ ಕೆಳಗೆ ತಲೆ ತೂರಿಸಿ, ಆ ಎರಡು ವೈರುಗಳನ್ನು ಹುಡುಕಿದೆ. ಅವರು ಎಷ್ಟು ಚೆನ್ನಾಗಿ ಬರೆದಿದ್ದರೆಂದರೆ ಐದೇ ನಿಮಿಷ ಸಾಕಾಯಿತು. ಅವರ ಕಪ್ಪು ಬಟ್ಟೆಯ ಟೇಪು ಕುಯ್ದು, ಎರಡೂ ತುದಿಗಳನ್ನು ಹೆಣೆದು, ಲ್ಯಾಬಿನಿಂದ ತಂದಿದ್ದ ಕೆಂಪು ಪ್ಲಾಸ್ಟಿಕ್ ಟೇಪು ಸುತ್ತಿದೆ. ಆಮೇಲೆ ಶಾಂತಣ್ಣನ ಎರಡು ಸ್ವಿಚ್ಚುಗಳು ಇದ್ದೂ ಇಲ್ಲದಂತಾದವು, ರಿಮೋಟ್ ಒತ್ತಿದಾಗಲೆಲ್ಲ ಕಾರು ಸ್ಟಾರ್ಟ್ ಆಯಿತು. ಗೇರನ್ನು ನಾನೇ ನೋಡಿಕೊಳ್ಳುತ್ತೇನೆ ಅಂದುಕೊಂಡೆ. ಯಾರಿಗೂ ಹೇಳಲಿಲ್ಲ.

ಜನವರಿಯ ಒಂದು ಬೆಳಿಗ್ಗೆ. ಅವರೆಕಾಯಿಯ ಕಾಲ. ಅಮ್ಮ ಎಳೆಬಿಸಿಲಿಗೆ ಬೆನ್ನು ಕೊಟ್ಟು, ಕಾರಿನ ಮೂತಿಗೂ ಕಾಂಪೌಂಡ್ ಗೋಡೆಗೂ ನಡುವೆ ಮಣೆ ಹಾಕಿಕೊಂಡು ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಹಿಂದಿನ ದಿನ ಜಾರದಿರಲಿ ಅಂತ ಕಾರನ್ನು ಒಂದನೇ ಗೇರಿನಲ್ಲಿ ನಿಲ್ಲಿಸಿದ್ದೆ. ಮರೆತಿದ್ದೆ. ಕಾಲೇಜಿಗೆ ಹೊತ್ತಾಗಿತ್ತು. ಒಳಗೆ ಶೂ ಲೇಸು ಕಟ್ಟಿಕೊಳ್ಳುತ್ತಾ, ಇಂಜಿನ್ ಬಿಸಿಯಾಗಲಿ ಅಂತ ಬಟನ್ ಒತ್ತಿದೆ.

ಅಮ್ಮ ಕೂಗಿಕೊಳ್ಳಲಿಲ್ಲ. ಹಿತ್ತಾಳೆಯ ತಟ್ಟೆ ನೆಲಕ್ಕೆ ಬಿದ್ದ ಸದ್ದು ಕೇಳಿ ಹೊರಗೆ ಬಂದೆ.

ಎಡಗಾಲಿನ ತೊಡೆಯ ಮೂಳೆ ಎರಡು ಕಡೆ ಮುರಿದಿತ್ತು, ಸೊಂಟವೂ ಹೋಗಿತ್ತು. ಹಾಸನದ ಆಸ್ಪತ್ರೆಯಲ್ಲಿ ಒಂದೂವರೆ ತಿಂಗಳು ಇಟ್ಟುಕೊಂಡರು. ನನ್ನ ಅಣ್ಣ ನಂಜುಂಡಣ್ಣ ಊರಿನಲ್ಲಿ ಕೊಬ್ಬರಿ ವ್ಯಾಪಾರ ಮಾಡುತ್ತಿದ್ದ, ಹತ್ತು ಜನ ಮಾತು ಕೇಳುವಂಥವನು. ಆಸ್ಪತ್ರೆಯ ವರಾಂಡದಲ್ಲಿ, ಏನಾಯ್ತು ಹೇಳೋ ಅಂತ ನನ್ನ ತೋಳು ಹಿಡಿದು ಕೇಳಿದ. ರಿಮೋಟ್ ಒತ್ತಿದೆ, ಕಾರು ನುಗ್ಗಿತು ಅಂದೆ. ಅದು ಸುಳ್ಳಲ್ಲ. ಯಾರು ಹಾಕಿಕೊಟ್ಟಿದ್ದು ಅಂದ. ಶಾಂತಣ್ಣ ಅಂದೆ. ಅದೂ ಸುಳ್ಳಲ್ಲ. ಅಷ್ಟು ಹೇಳಿ ನಾನು ಸುಮ್ಮನಾದೆ.

ಅಣ್ಣ ಅವತ್ತೇ ನಾಲ್ಕು ಜನರನ್ನು ಕರೆದುಕೊಂಡು ಬಿ.ಎಚ್. ರೋಡಿಗೆ ಹೋದ. ಬೋರ್ಡು ಕಿತ್ತೆಸೆದರು, ನೋಟ್‌ಬುಕ್ಕುಗಳನ್ನು ಚರಂಡಿಗೆ ಹಾಕಿದರು. ಶಾಂತಣ್ಣನ ಕಪಾಳಕ್ಕೆ ಹೊಡೆದರು ಅಂತ ಆಮೇಲೆ ಕೇಳಿದೆ. ಆ ಬುದ್ಧನ ಕ್ಯಾಲೆಂಡರನ್ನೂ ಹರಿದರಂತೆ.

ಮೂರನೇ ದಿನ ನಾನು ಬಟ್ಟೆ ತೆಗೆದುಕೊಂಡು ಹೋಗಲು ಹಾಸನದಿಂದ ಮನೆಗೆ ಬಂದಿದ್ದೆ. ಗೇಟಿನ ಹೊರಗೆ ಶಾಂತಣ್ಣ ನಿಂತಿದ್ದರು. ಕಂಕುಳಲ್ಲಿ ಕೆಸರು ಒಣಗಿದ ಒಂದು ನೋಟ್‌ಬುಕ್ಕು. ಕಾರು ನೋಡಬಹುದಾ ಅಂತ ಕೇಳಿದರು. ಬೇಡ ಅನ್ನುವುದಕ್ಕೆ ನನಗೆ ಕಾರಣ ಸಿಗಲಿಲ್ಲ.

ಈ ಸಲ ಅವರು ಸೀಟಿನಲ್ಲಿ ಕೂರಲಿಲ್ಲ. ನೆಲದ ಮೇಲೆ ಮಂಡಿಯೂರಿ ಡ್ಯಾಶ್‌ಬೋರ್ಡಿನ ಕೆಳಗೆ ಟಾರ್ಚು ಬಿಟ್ಟರು. ಬಹಳ ಹೊತ್ತು ಹಾಗೇ ಇದ್ದರು. ಎದ್ದು ನಿಂತು ನನ್ನ ಮುಖ ನೋಡಿದರು.

"ಆ ಕೆಂಪು ಟೇಪು ನಂದಲ್ಲ ಸಾರ್" ಅಂದರು.

ಅವರು ಕಾದರು. ನಾನು ಹೇಳಲಿ ಅಂತ ಕಾದರು, ಕೋಪದಿಂದಲ್ಲ. ಗೋಡೆಯ ಬುಡದಲ್ಲಿ ಅವರೆಕಾಯಿ ಸಿಪ್ಪೆ ಇನ್ನೂ ಹಾಗೇ ಬಿದ್ದಿತ್ತು. ನಾನು ಅದನ್ನೇ ನೋಡುತ್ತಾ ನಿಂತೆ.

ಕೊನೆಗೆ, ಅಮ್ಮಂಗೆ ಹೆಂಗೈತೆ ಅಂತ ಕೇಳಿದರು. ಇನ್ನು ನಡೆಯುವುದು ಕಷ್ಟ ಅನ್ನುತ್ತಾರೆ ಅಂದೆ. ಅವರ ಕಣ್ಣಲ್ಲಿ ನೀರು ಬಂತು. ನನ್ನ ಕಣ್ಣಲ್ಲಿ ಬರಲಿಲ್ಲ. ಅವರು ನೋಟ್‌ಬುಕ್ಕನ್ನು ತೆರೆಯದೆಯೇ ಮತ್ತೆ ಕಂಕುಳಿಗೆ ಸಿಕ್ಕಿಸಿಕೊಂಡರು. ಗೇಟಿನವರೆಗೆ ಹೋಗಿ, ತಿರುಗಿ ನಿಂತು, "ಸುಜಾತಂದು ಮುಂದಿನ ತಿಂಗ್ಳು ಪ್ರಾಕ್ಟಿಕಲ್ ಪರೀಕ್ಷೆ" ಅಂದರು.

ಅದರಾಚೆ ಏನೂ ಕೇಳಲಿಲ್ಲ. ಪರೀಕ್ಷೆಯ ಅಂಕ ನನ್ನ ಕೈಯಲ್ಲಿತ್ತು ಅಂತ ಇಬ್ಬರಿಗೂ ಗೊತ್ತಿತ್ತು. ನಾನು ತಲೆಯಾಡಿಸಿದೆ. ಅವರು ಹೋದರು. ಅವರು ಬೀದಿ ದಾಟುವುದನ್ನೇ ಕಾದಿದ್ದು, ನಾನು ಡ್ಯಾಶ್‌ಬೋರ್ಡಿನ ಕೆಳಗೆ ತಲೆ ತೂರಿಸಿ ಕೆಂಪು ಟೇಪು ಬಿಚ್ಚಿದೆ, ವೈರುಗಳನ್ನು ಬೇರೆ ಮಾಡಿದೆ, ನಕ್ಷೆಯ ಹಾಳೆಯನ್ನೂ ಟೇಪನ್ನೂ ನೀರೊಲೆಗೆ ಹಾಕಿದೆ. ಆಮೇಲೆ ಅಮ್ಮನ ಸೀರೆಗಳನ್ನು ಚೀಲಕ್ಕೆ ತುಂಬಿಕೊಂಡು ಹಾಸನದ ಬಸ್ಸು ಹತ್ತಿದೆ.

ಅಂಗಡಿಯ ಜಾಗದ ಮಾಲೀಕ ಅಣ್ಣನ ಸ್ನೇಹಿತ. ತಿಂಗಳೊಳಗೆ ಖಾಲಿ ಮಾಡಿಸಿದ. ಶಾಂತಣ್ಣನಿಗೆ ಬೇರೆ ಜಾಗವೂ ಸಿಗಲಿಲ್ಲ, ಗಿರಾಕಿಗಳೂ ಬರಲಿಲ್ಲ. ಅವನು ಹಾಕಿದ ಅಲಾರಂ ಮುದುಕಿಯ ಕಾಲು ತಿಂತು ಅನ್ನುವ ಮಾತು ಊರಿನಲ್ಲಿ ನಿಂತುಹೋಯಿತು. ಅಂಥವರಿಗೆಲ್ಲ ಇಂಥ ಕೆಲಸ ಯಾಕೆ ಕೊಡಬೇಕಿತ್ತು ಅಂತ ಸ್ಟಾಫ್ ರೂಮಿನಲ್ಲಿ ಒಬ್ಬರು ಅಂದರು. ನಾನು ಪತ್ರಿಕೆ ಓದುತ್ತಿದ್ದೆ. ಮಗಳ ಪರೀಕ್ಷೆ ಮುಗಿಯುತ್ತಲೇ ಶಾಂತಣ್ಣ ಜಾವಗಲ್ಲಿಗೆ ಹೋದರು. ಅಲ್ಲಿ ಪಂಪ್‌ಸೆಟ್ಟಿನ ಮೋಟಾರು ರಿಪೇರಿ ಮಾಡುತ್ತಾರೆ, ಸುಜಾತ ಹಾಸನದಲ್ಲಿ ಲ್ಯಾಬ್ ಟೆಕ್ನಿಷಿಯನ್ ಕೋರ್ಸಿಗೆ ಸೇರಿದ್ದಾಳೆ ಅಂತ ಸುದ್ದಿ ಬಂತು.

ಅಮ್ಮ ಆಮೇಲೆ ಐದು ವರ್ಷ ಬದುಕಿದಳು. ಮಂಚದಿಂದ ಕಿಟಕಿಗೆ, ಕಿಟಕಿಯಿಂದ ಮಂಚಕ್ಕೆ. ಎದ್ದ ತಕ್ಷಣ ಕಾಲು ನೋಯುತ್ತಿತ್ತು, ನೋವಿನ ಜೊತೆಗೇ ಬಾಯಿಗೆ ಶಾಂತಣ್ಣನ ಹೆಸರು ಬರುತ್ತಿತ್ತು. ಆ ವೈರಿನವನ ಕೈ ಬಿದ್ದುಹೋಗ ಅನ್ನುತ್ತಿದ್ದಳು. ನಾನು ಪಕ್ಕದಲ್ಲಿ ಕೂತು ಔಷಧಿ ಕೊಡುತ್ತಿದ್ದೆ. ಒಂದು ದಿನ ಮಾತ್ರ ಬೈಯದೆ, ಸುಮ್ಮನೆ ಯೋಚಿಸುತ್ತಾ ಕೇಳಿದಳು: "ಅಲ್ವೋ, ಅವ್ನು ಅಷ್ಟು ಜೋಪಾನದೋನು. ಲೋಟ ಸೈತ ಎರಡು ಸಲ ತೊಳೆದಿಟ್ಟ. ಅವ್ನ ಕೈಯಾಗೆ ಅದು ಹೆಂಗ್ ತಪ್ತು?"

ಅದಕ್ಕಿಂತ ಒಳ್ಳೆಯ ಗಳಿಗೆ ನನಗೆ ಮತ್ತೆ ಸಿಗಲಿಲ್ಲ. "ಯಾರಿಗಾದ್ರೂ ತಪ್ಪುತ್ತಮ್ಮ" ಅಂದೆ.

ಅವಳ ತಿಥಿ ಮುಗಿಸಿ, ಒಂದು ವಾರ ಬಿಟ್ಟು ಜಾವಗಲ್ಲಿಗೆ ಹೋದೆ. ಕಾರು ಮಾರಿದ್ದೆ, ಬಸ್ಸಿನಲ್ಲಿ ಹೋದೆ. ಸಂತೆಯ ದಿನ. ರಸ್ತೆಯ ಪಕ್ಕದ ಒಂದು ಕೋಣೆಯಲ್ಲಿ ಶಾಂತಣ್ಣ ಸುಟ್ಟ ಮೋಟಾರಿನ ತಾಮ್ರದ ತಂತಿಯನ್ನು ಒಂದೊಂದೇ ಸುತ್ತು ಬಿಚ್ಚುತ್ತಾ ಕೂತಿದ್ದರು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ನನ್ನನ್ನು ನೋಡಿ ಎದ್ದು, ಸ್ಟೂಲು ಒರೆಸಿ ಕೊಟ್ಟರು. ಎದುರು ಹೋಟೆಲಿನಿಂದ ಟೀ ತರಿಸಿದರು.

ಹೇಗಿದ್ದೀರಿ ಅಂದೆ. ಮೊದಲ ಸಲ ಬಹುವಚನ. ಅದು ಅವರ ಗಮನಕ್ಕೆ ಬಂತು.

ಅಮ್ಮ ಹೋದಳು ಅಂದೆ. ಕೇಳಿದೆ ಅಂದರು. ಆಮೇಲೆ ನಾನು ಎಲ್ಲ ಹೇಳಿದೆ. ಬೇಲೂರಿನ ನಗು, ಆ ಭಾನುವಾರ, ಕೆಂಪು ಟೇಪು, ನೀರೊಲೆ. ಕ್ಷಮಿಸಿ ಅಂದೆ. ಅವರು ಕೈಯಲ್ಲಿದ್ದ ತಂತಿಯನ್ನು ಬಿಡದೆ, ಪೂರ್ತಿ ಕೇಳಿಸಿಕೊಂಡರು.

"ಇದ್ನ ನನ್ಗ್ಯಾಕೆ ಹೇಳ್ತೀರ ಸಾರ್? ನಂಗೆ ಅವತ್ತೇ ಗೊತ್ತಿತ್ತಲ್ಲ. ಗೊತ್ತಿಲ್ದೋರ್ಗೆ ಹೇಳಿ."

ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಕ್ಷಮೆಯೂ ಇರಲಿಲ್ಲ. ಒಬ್ಬ ಗಿರಾಕಿ ಬಂದ, ಅವರು ಅವನ ಜೊತೆ ಮೋಟಾರಿನ ಮಾತಿಗೆ ತಿರುಗಿದರು. ಸ್ವಲ್ಪ ಹೊತ್ತು ಕೂತಿದ್ದು ಎದ್ದು ಬಂದೆ. ಅದೇ ಕೊನೆಯ ಭೇಟಿ.

ಊರಿಗೆ ಬಂದು ಅಣ್ಣನಿಗೆ ಹೇಳಿದೆ. ಅಷ್ಟಕ್ಕೆ ಧೈರ್ಯ ಬಂದಿತ್ತು. ಅವನು ಎದ್ದು ಬಾಗಿಲು ಹಾಕಿದ. ಆಮೇಲೆ, "ಈಗ ಅದ್ನೆಲ್ಲ ಕೆದಕಿ ಏನ್ಮಾಡ್ತೀಯ? ಅಮ್ಮಾನೂ ಇಲ್ಲ. ಮನೆ ಮರ್ವಾದೆ ಪ್ರಶ್ನೆ, ಹೊರಗೆಲ್ಲೂ ಬಾಯಿ ಬಿಡ್ಬೇಡ" ಅಂದ. ಮೂರು ತಿಂಗಳಾದ ಮೇಲೆ ಹಾರನಹಳ್ಳಿಯಲ್ಲಿ ನೆಂಟರ ಮದುವೆ. ಊಟದ ಪಂಕ್ತಿಯಲ್ಲಿ ಯಾರೋ ಅಮ್ಮನ ಕಾಲಿನ ವಿಷಯ ತೆಗೆದರು. ಅಣ್ಣ ಎಂದಿನ ಹಾಗೆ, ವೈರಿಂಗಿನವನೊಬ್ಬ ಮಾಡಿದ ಅನಾಹುತ ಅಂತ ಶುರುಮಾಡಿದ. ನಾನು ಅವನ ಪಕ್ಕದ ಎಲೆಯಲ್ಲೇ ಕೂತಿದ್ದೆ. ಮೊಸರು ಹಾಕಿಸಿಕೊಂಡೆ.

ಶಾಂತಣ್ಣ ತೀರಿಕೊಂಡ ವಿಷಯ ನನಗೆ ಗೊತ್ತಾದದ್ದು ಜಾವಗಲ್ ಕಡೆಯ ಟೆಂಪೋ ಡ್ರೈವರೊಬ್ಬನಿಂದ, ಇಪ್ಪತ್ತು ದಿನ ತಡವಾಗಿ. ಎದೆನೋವಂತೆ. ಮತ್ತೆ ಹೋದೆ. ಕೋಣೆಗೆ ಬೀಗ ಹಾಕಿತ್ತು. ಹಿಂದಿನ ಬೀದಿಯಲ್ಲಿ ಮನೆ. ಸುಜಾತ ಹಾಸನದಿಂದ ರಜೆ ಹಾಕಿ ಬಂದಿದ್ದಳು, ಅಪ್ಪನ ಸಾಮಾನುಗಳನ್ನು ರಟ್ಟಿನ ಪೆಟ್ಟಿಗೆಗೆ ತುಂಬುತ್ತಿದ್ದಳು. ನನ್ನನ್ನು ಕಂಡು ಗುರುತು ಹಿಡಿದಳು. ಚಾಪೆ ಹಾಸಿದಳು.

"ನೀವು ಬಂದಿದ್ದು ಸಂತೋಷ ಸಾರ್. ಅರಸೀಕೆರೆಯಿಂದ ಯಾರೂ ಬರ್ಲಿಲ್ಲ" ಅಂದಳು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು, "ಅಪ್ಪನಿಂದ ಅಷ್ಟು ದೊಡ್ಡ ತಪ್ಪಾದ್ರೂ ನೀವೊಬ್ರು ಬೈಯಲಿಲ್ಲ. ಸಾರ್ ಒಂದ್ ಮಾತೂ ಆಡ್ಲಿಲ್ಲ ಅಂತ ಅಪ್ಪ ಹೇಳ್ತಿದ್ರು" ಅಂದಳು.

ಮಗಳಿಗೂ ಅವರು ಹೇಳಿರಲಿಲ್ಲ. ಅವಳು ಆರು ವರ್ಷದಿಂದ ತನ್ನ ಅಪ್ಪನ ಕೈಯೇ ತಪ್ಪಿತು ಅಂದುಕೊಂಡಿದ್ದಳು. ಗೊತ್ತಿಲ್ಲದವರು ಅಂದರೆ ಯಾರು ಅಂತ ಅಲ್ಲಿಯವರೆಗೆ ನನಗೆ ಹೊಳೆದಿರಲಿಲ್ಲ.

ಹೇಳಿದೆ. ಏನೂ ಮುಚ್ಚಿಡಲಿಲ್ಲ. ಗೇಟಿನ ಹತ್ತಿರ ನಿಂತು ಅವರು ಹೇಳಿದ ಕೊನೆಯ ಮಾತನ್ನೂ, ನಾನು ತಲೆಯಾಡಿಸಿದ್ದನ್ನೂ ಹೇಳಿದೆ. ಅವಳು ಪೆಟ್ಟಿಗೆಯ ಅಂಚನ್ನು ಹಿಡಿದುಕೊಂಡು ಕೂತಿದ್ದಳು. ಅಳಲಿಲ್ಲ. ಬೈಯಲೂ ಇಲ್ಲ. ಅಪ್ಪನ ಬಗ್ಗೆ ಏನಾದರೂ ಕೇಳುತ್ತಾಳೆ ಅಂದುಕೊಂಡಿದ್ದೆ.

"ಪ್ರಾಕ್ಟಿಕಲ್‌ನಲ್ಲಿ ನಂಗೆ ಪೂರ್ತಿ ಮಾರ್ಕ್ಸ್ ಬಂದಿತ್ತು. ಕಾಲೇಜಲ್ಲಿ ನನ್ನೊಬ್ಳಿಗೇ" ಅಂದಳು. "ಅದು ಇದಕ್ಕಾ ಸಾರ್?"

ಅಲ್ಲ, ಅದು ನಿನ್ನದೇ, ಇಬ್ಬರು ಪರೀಕ್ಷಕರೂ ನಿನ್ನ ಸರ್ಕಿಟ್ ನೋಡಿ ಬೆರಗಾಗಿದ್ದೆವು ಅಂದೆ. ತಪ್ಪೊಪ್ಪಿಕೊಂಡದ್ದನ್ನು ಬಿಟ್ಟರೆ, ಅಷ್ಟು ವರ್ಷದಲ್ಲಿ ಆ ಕಾರಿನ ಸುತ್ತ ನಾನು ಆಡಿದ ಮಾತುಗಳಲ್ಲಿ ಪೂರ್ತಿ ನಿಜವಾದದ್ದು ಅದೊಂದೇ ಇರಬೇಕು.

ಅವಳು ನನ್ನ ಮುಖವನ್ನು ಒಂದು ಗಳಿಗೆ ನೋಡಿದಳು.

"ಹೆಂಗ್ ನಂಬ್ಲಿ ಸಾರ್?" ಅಂದಳು.